ನನ್ನ ತಮ್ಮ ತೆರೆಯದ ಪೊಟ್ಟಣ

ನನ್ನ ತಮ್ಮ ರೇನೊ ಆರು ವರ್ಷದವನಿದ್ದಾಗ ಕೈಗೆ ಬಂದ ಒಂದು ಬೇಸ್‌ಬಾಲ್ ಕಾರ್ಡಿನ ಪೊಟ್ಟಣವನ್ನು ತಲೆ ಬೋಳಾಗುವವರೆಗೂ ತೆರೆಯದೆ ಇಟ್ಟುಕೊಂಡ. ಜನ್ಮದಲ್ಲಿ ಅವನು ಮಾಡಿದ ದೊಡ್ಡ ಕೆಲಸ ಅದೇ. ರೈಲ್ವೆಯಲ್ಲಿ ದುಡಿದ, ಮದುವೆಯಾದ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ, ಎಲ್ಲ ಸರಿ. ಆದರೆ ಹೊಸಬರು ಯಾರಾದರೂ ಸಿಕ್ಕರೆ ಅವನು ಹೇಳಿಕೊಳ್ಳುವುದು ತಾನು ಏನು ಮಾಡಿದೆ ಎಂದಲ್ಲ, ಏನು ಮಾಡಲಿಲ್ಲ ಎಂದು.

ನಾನು ಐಲಿ, ಅವನ ಅಕ್ಕ. ನನ್ನ ಪೊಟ್ಟಣವನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಹರಿದವಳು. ಈ ವಿಷಯ ನಮ್ಮ ಆಷ್ಟಬ್ಯೂಲ ಬಂದರಿನಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿಲ್ಲದಿದ್ದರೆ ರೇನೊ ಕೂರಿಸಿಕೊಂಡು ಹೇಳುತ್ತಾನೆ.

ನಡೆದದ್ದು ಇಷ್ಟು. ಅಪ್ಪ ಸರೋವರದ ಮೇಲೆ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದರು. ಮಂಜು ಕರಗಿದಾಗ ಹೊರಟರೆ ಮತ್ತೆ ಮಂಜು ಕಟ್ಟುವವರೆಗೆ ನೀರೇ ಮನೆ. ಸಾವಿರದೊಂಬೈನೂರ ಐವತ್ತೇಳರ ಮೇ ತಿಂಗಳಲ್ಲಿ ಹಡಗು ಅದಿರು ಇಳಿಸಲು ನಮ್ಮ ಬಂದರಿಗೇ ಬಂತು. ಅಪ್ಪ ಒಂದು ಮಧ್ಯಾಹ್ನದ ಮಟ್ಟಿಗೆ ದಿಬ್ಬ ಹತ್ತಿ ಬಂದು, ನಮ್ಮಿಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಗೆ ಐದು ಸೆಂಟಿನ ಒಂದೊಂದು ಪೊಟ್ಟಣ ಕೊಡಿಸಿದರು. ಮೇಣದ ಕಾಗದದ ಪೊಟ್ಟಣ. ಒಳಗೆ ಆಟಗಾರರ ಚಿತ್ರವಿರುವ ಐದು ಕಾರ್ಡು, ಜೊತೆಗೆ ಗುಲಾಬಿ ಬಣ್ಣದ ಒಂದು ಪಟ್ಟಿ ಚೂಯಿಂಗ್ ಗಮ್.

"ನೋಡ್ರಪ್ಪ, ಹಡಗು ದುರಸ್ತಿಗೆ ನಿಂತಾಗ ಆಗಸ್ಟ್‌ನಲ್ಲಿ ಬರ್ತೀನಿ. ಅಲ್ಲೀವರೆಗೂ ಯಾರು ಇದನ್ನ ತೆರೆಯದೆ ಇಟ್ಕೋತಾರೋ ಅವರನ್ನ ಕ್ಲೀವ್‌ಲ್ಯಾಂಡ್‌ಗೆ ಆಟ ನೋಡೋಕೆ ಕರ್ಕೊಂಡು ಹೋಗ್ತೀನಿ" ಎಂದರು ಅಪ್ಪ.

ಅವರು 'ಆಗಸ್ಟ್' ಎನ್ನುವಷ್ಟರಲ್ಲಿ ನನ್ನದು ಹರಿದಾಗಿತ್ತು. 'ಕ್ಲೀವ್‌ಲ್ಯಾಂಡ್' ಎನ್ನುವಷ್ಟರಲ್ಲಿ ಗಮ್ ಬಾಯಲ್ಲಿತ್ತು. ಒಂಬತ್ತು ವರ್ಷದ ಹುಡುಗಿಗೆ ತಿಂಡಿ ಕೊಟ್ಟು ಆಮೇಲೆ ಷರತ್ತು ಹಾಕಿದರೆ ತಪ್ಪು ಯಾರದು? ಈ ಪ್ರಶ್ನೆಯನ್ನು ನಾನು ಇಂದಿಗೂ ಕೇಳುತ್ತೇನೆ, ಯಾರೂ ಉತ್ತರ ಕೊಟ್ಟಿಲ್ಲ.

ಇನ್ನು ಮುಂದಿನದು ನನಗೊಬ್ಬಳಿಗೇ ಗೊತ್ತಿರುವುದು. ಜುಲೈನಲ್ಲಿ ಒಂದು ದಿನ ನಾನು ಹೊರಗೆ ಆಡಿ ಅಡಿಗೆಮನೆಗೆ ಬಂದರೆ, ರೇನೊ ಮೇಜಿನ ಕೆಳಗೆ ಕೂತು ಹೋ ಎಂದು ಅಳುತ್ತಿದ್ದಾನೆ. ಮಡಿಲಲ್ಲಿ ಬಿಚ್ಚಿದ ಪೊಟ್ಟಣ, ಬಾಯಲ್ಲಿ ಅರ್ಧ ಗಮ್, ಕೈಯಲ್ಲಿ ಇನ್ನರ್ಧ. ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ಕಚ್ಚಿದ ಕಡೆ ನಡುವೆ ಒಂದು ಚೂರು ಕಚ್ಚಿಸಿಕೊಳ್ಳದೆ ಹಾಗೇ ಉಳಿದಿತ್ತು. ಅಮ್ಮ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಅವರು ಗದರಲಿಲ್ಲ. ಅವನ ಕೈಯಿಂದ ಎಲ್ಲ ತೆಗೆದುಕೊಂಡು, ಐದು ಕಾರ್ಡುಗಳನ್ನು ಜೋಡಿಸಿ, ಉಳಿದರ್ಧ ಗಮ್ಮನ್ನು ಮೇಲಿಟ್ಟು, ಕಾಗದವನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಿಸಿದರು. ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಒಂದು ಸಲ ಮೆತ್ತಗೆ ಒತ್ತಿದರು. ಮೇಣ ಕರಗಿ ಅಂಟಿಕೊಂಡಿತು.

"ನೋಡು ಮರಿ, ನೀನು ತೆರೆದೇ ಇಲ್ಲ. ಕೆಟ್ಟ ಕನಸು ಬಿದ್ದಿತ್ತು ಅಷ್ಟೆ" ಎಂದು ಅವನ ಮೂಗು ಒರೆಸಿದರು.

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದರು. "ಅಪ್ಪ ವರ್ಷದಲ್ಲಿ ಮನೇಲಿರೋದೇ ನಾಲ್ಕು ದಿನ. ಬಂದಾಗ ಒಂದು ಮಗುವಾದ್ರೂ ಮಾತು ಉಳಿಸ್ಕೊಂಡಿದೆ ಅಂತ ಖುಷಿಪಡ್ಲಿ. ನೀನು ಬಾಯಿ ಬಿಡಬಾರದು ಐಲಿ. ಅವನು ದೊಡ್ಡವನಾದ ಮೇಲೆ ನಾನೇ ಹೇಳ್ತೀನಿ."

ಅಮ್ಮ ಹೇಳಲಿಲ್ಲ. ಹೇಳದೆಯೇ ಹೋಗಿಬಿಟ್ಟರು. ಬೀಗದ ಕೈ ಕೊಡದೆ ಪೆಟ್ಟಿಗೆ ನನ್ನ ತಲೆ ಮೇಲಿಟ್ಟು ಹೋದರು.

ಆಗಸ್ಟಿನಲ್ಲಿ ಅಪ್ಪ ಬಂದರು, ಪೊಟ್ಟಣವನ್ನು ತಿರುಗಿಸಿ ನೋಡಿದರು, "ಭಲೇ ಗಂಡೇ" ಎಂದು ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಇಬ್ಬರೂ ಕ್ಲೀವ್‌ಲ್ಯಾಂಡಿಗೆ ಹೋದರು. ಸಂಜೆ ವಾಪಸ್ಸು ಬರುವಾಗಲೂ ಅವನು ಹೆಗಲ ಮೇಲೆಯೇ ಇದ್ದ. ಮೂಗು ಬಿಸಿಲಿಗೆ ಕೆಂಪಾಗಿತ್ತು, ಅಂಗಿ ತುಂಬ ಸಾಸಿವೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮರುವರ್ಷ ವಸಂತದಲ್ಲಿ ಹಡಗಿನ ಮೇಲೆಯೇ ಅಪ್ಪನ ಹೃದಯ ನಿಂತಿತು. ಅಪ್ಪನ ಜೊತೆ ರೇನೊ ನೋಡಿದ್ದು ಅದೊಂದೇ ಆಟ.

ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಎರಡು ಜಾತಿ. ರೇನೊ ಕಾಯುವವನು, ಐಲಿ ಹರಿಯುವವಳು. ನನ್ನ ಐದು ಕಾರ್ಡುಗಳನ್ನು ನಾನು ಬಟ್ಟೆ ಕ್ಲಿಪ್ಪಿನಿಂದ ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಕೊಂಡು ಊರೆಲ್ಲ ಸುತ್ತಿದ್ದೆ. ಅದರಲ್ಲೊಬ್ಬ ಆಟಗಾರ ಮುಂದೆ ದೊಡ್ಡ ಹೆಸರು ಮಾಡಿದ, ಅವನ ಹಳೆಯ ಕಾರ್ಡಿಗೆ ಭಾರಿ ಬೆಲೆ ಬಂತು. ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ರೇನೊ ಟರ್ಕಿ ಕೋಳಿ ಕೊಯ್ಯುತ್ತಾ ಇದನ್ನು ಎತ್ತುತ್ತಾನೆ. "ಅಕ್ಕ ಒಂದು ಮನೆಯನ್ನೇ ಸೈಕಲ್ ಚಕ್ರಕ್ಕೆ ಕಟ್ಟಿದ್ಲು ಕಣ್ರೋ!" ನಾನು ಹತ್ತೊಂಬತ್ತಕ್ಕೆ ಮದುವೆಯಾದಾಗ, "ಇವಳಿಗೆ ಕಾಯೋಕೆ ಬರಲ್ಲ." ಇಪ್ಪತ್ತೆರಡಕ್ಕೆ ಗಂಡನನ್ನು ಬಿಟ್ಟಾಗ, "ನಾನು ಹೇಳಿರ್ಲಿಲ್ವಾ?" ಕೆಲಸ ಬದಲಾಯಿಸಿದರೂ ಅದೇ ಮಾತು, ಓವನ್ ಬಾಗಿಲು ಬೇಗ ತೆರೆದು ಕೇಕು ಕುಸಿದರೂ ಅದೇ ಮಾತು. ಕೊನೆಯಲ್ಲಿ ಎದೆ ಮುಟ್ಟಿಕೊಂಡು ಒಂದು ಸಾಲು ಸೇರಿಸುತ್ತಾನೆ: "ಆ ಗಮ್ಮನ್ನ ನಾನು ಜನ್ಮದಲ್ಲಿ ಬಾಯಿಗೆ ಹಾಕಿದವನಲ್ಲ." ಅಮ್ಮ ಇರುವವರೆಗೆ ಆ ಸಾಲು ಬಂದಾಗಲೆಲ್ಲ ಆಲೂಗಡ್ಡೆ ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗಿಗೆ ಆಲೂಗಡ್ಡೆ ಯಾವಾಗಲೂ ಹೆಚ್ಚೇ ಇರುತ್ತಿತ್ತು.

ನಿವೃತ್ತಿಯಾದ ಮೇಲೆ ರೇನೊ ತನ್ನಂಥವರನ್ನು ಹುಡುಕಿಕೊಂಡ. ಅಂಥವರು ಇದ್ದಾರೆ ನೋಡಿ! ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತಾರೆ. ಸರೋವರ ತೀರದ ತೆರೆಯದವರ ಸಂಘ. ಹತ್ತು ಹನ್ನೆರಡು ಮಂದಿ ದೊಡ್ಡ ಗಂಡಸರು ಮೇಜಿನ ಸುತ್ತ ಕೂತು, ಮಕ್ಕಳ ಮಿಠಾಯಿ ಪೊಟ್ಟಣಗಳನ್ನು ಬಿಳಿ ಕೈಗವಸು ಹಾಕಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಒಳಗೆ ಯಾವ ಆಟಗಾರ ಇರಬಹುದು, ಗಮ್ ಎಷ್ಟು ಚೂರಾಗಿರಬಹುದು ಎಂದು ಗಂಟೆಗಟ್ಟಲೆ ಚರ್ಚೆ. ನೋಡಿಬಿಡಬಹುದಲ್ಲ ಎಂದು ನಾನು ಒಮ್ಮೆ ಏಲಕ್ಕಿ ಬ್ರೆಡ್ ಕೊಡಲು ಹೋದಾಗ ಕೇಳಿದೆ. ಚರ್ಚಿನಲ್ಲಿ ಕೆಟ್ಟ ಮಾತಾಡಿದಂತೆ ಎಲ್ಲರೂ ನನ್ನನ್ನು ನೋಡಿದರು.

"ಇವಳೇ ನಮ್ಮಕ್ಕ" ಎಂದ ರೇನೊ.

"ಓಹೋ, ಆ ಅಕ್ಕಾನಾ!" ಎಂದರು ಎಲ್ಲರೂ.

ಕಳೆದ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷರು ಬೇಕಾದರು. ಇಬ್ಬರು ಮುಂದೆ ಬಂದರು: ನಮ್ಮ ರೇನೊ, ಇನ್ನೊಬ್ಬರು ವೆಂಡೆಲ್ ಪ್ರುಯಿಟ್ ಎಂಬ ನಿವೃತ್ತ ಹಲ್ಲಿನ ಡಾಕ್ಟರು. ಜೀವಮಾನವಿಡೀ ಗಮ್ ಅಗಿಯಬೇಡಿ ಎಂದು ಜನರಿಗೆ ಬುದ್ಧಿ ಹೇಳಿದ ಮನುಷ್ಯ, ಈಗ ಮನೆ ತುಂಬ ಗಮ್ ಇಟ್ಟುಕೊಂಡಿದ್ದಾರೆ. ಅವರೇ ಒಂದು ನಿಯಮ ತಂದರು. ಅಧ್ಯಕ್ಷನಾಗುವವನ ಮೊದಲ ಪೊಟ್ಟಣವನ್ನು ಪರೀಕ್ಷಕರು ನೋಡಿ, ಇದು ಎಂದೂ ತೆರೆದದ್ದಲ್ಲ ಎಂದು ಒಪ್ಪಿ, ಹತ್ತಕ್ಕೆ ಇಂತಿಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡಬೇಕು. ತೆರೆಯದ ಪೊಟ್ಟಣಕ್ಕೆ ತೆರೆಯಲಾಗದ ಡಬ್ಬಿ. ಪ್ರುಯಿಟ್ ಅವರದಕ್ಕೆ ಏಳು ಅಂಕ ಬಂದಾಗಿತ್ತು.

ರೇನೊ ಕುಣಿದಾಡಿದ. "ನನ್ನದಕ್ಕೆ ಒಂಬತ್ತಕ್ಕೆ ಕಮ್ಮಿ ಬಂದ್ರೆ ಮೀಸೆ ಬೋಳಿಸ್ಕೋತೀನಿ."

"ಯಾಕೆ ಬೇಕೋ ಅದೆಲ್ಲ? ಯಾರ ಮುಂದೆ ರುಜುವಾತು ಮಾಡ್ಬೇಕಾಗಿದೆ? ಸುಮ್ನೆ ಮನೇಲಿಟ್ಕೊ" ಎಂದೆ.

"ಹೊಟ್ಟೆಕಿಚ್ಚು ನಿನಗೆ."

"ಹೊಟ್ಟೆಕಿಚ್ಚು ನಿನ್ನ ತಲೆ! ಆ ಡಾಕ್ಟರೇ ಅಧ್ಯಕ್ಷ ಆಗ್ಲಿ ಬಿಡು. ನಿನಗೆ ಆ ಕುರ್ಚಿ ಮೇಲೆ ಕೂತು ಏನಾಗ್ಬೇಕು?"

"ಅಪ್ಪ ನನಗೆ ಭಲೇ ಅಂದಿದ್ರು ಐಲಿ. ಅದನ್ನ ಕಾಗದದ ಮೇಲೆ ನೋಡ್ಬೇಕು ಅಂತ ಆಸೆ."

ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಅವನು ಕಾರು ಓಡಿಸುವ ಹಾಗಿರಲಿಲ್ಲ. ಕ್ಲೀವ್‌ಲ್ಯಾಂಡಿನ ಕಾರ್ಡು ಮೇಳಕ್ಕೆ ನಾನೇ ಕರೆದೊಯ್ದೆ. ದಾರಿಯುದ್ದಕ್ಕೂ ಪೊಟ್ಟಣದ ಪೆಟ್ಟಿಗೆಗೆ ಸೀಟ್‌ಬೆಲ್ಟ್ ಹಾಕಿ ಹಿಂದೆ ಕೂರಿಸಿದ್ದ. ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ: ಪರೀಕ್ಷಕನ ಕನ್ನಡಕ ಹಳೆಯದಾಗಿರಲಿ.

ಪರೀಕ್ಷಕನ ಹೆಸರು ಲೋವೆಲ್ ಬ್ರಿಗ್ಸ್. ದಪ್ಪ ಮನುಷ್ಯ, ಮೆಲುದನಿ. ಮೇಜಿನ ಮೇಲೆ ದೀಪ, ದೀಪದ ಕೆಳಗೆ ಭೂತಗನ್ನಡಿ. ನಮ್ಮ ಸಂಘದವರೆಲ್ಲ ರೇನೊನ ಹಿಂದೆ ಅರ್ಧಚಂದ್ರವಾಗಿ ನಿಂತರು, ಪ್ರುಯಿಟ್ ಸಹ. ರೇನೊ ಹಡಗಿನಿಂದ ಶುರುಮಾಡಿ ಕಥೆಯನ್ನೆಲ್ಲ ಹೇಳಿದ. ನನ್ನ ಸೈಕಲ್ಲನ್ನೂ ಬಿಡಲಿಲ್ಲ. ಬ್ರಿಗ್ಸ್ ಹೂಂಗುಟ್ಟುತ್ತಾ ಪೊಟ್ಟಣದ ಮುಂಭಾಗ ನೋಡಿದ, ಅಂಚು ನೋಡಿದ, "ಬಣ್ಣ ಸೊಗಸಾಗಿದೆ" ಎಂದ. ರೇನೊ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಬ್ರಿಗ್ಸ್ ಪೊಟ್ಟಣವನ್ನು ಬೋರಲು ಹಾಕಿದ. ಹೂಂಗುಟ್ಟುವುದು ನಿಂತಿತು.

ನಾನು ಕಾರಿನ ಕೀಲಿ ಕೈಗೆ ತೆಗೆದುಕೊಂಡೆ.

"ಸರ್, ಬೇಜಾರ್ ಮಾಡ್ಕೋಬೇಡಿ. ಇದಕ್ಕೆ ನಾವು ಅಂಕ ಕೊಡೋಕಾಗಲ್ಲ" ಎಂದ ಬ್ರಿಗ್ಸ್.

"ಯಾಕೆ? ನಕಲಿನಾ?"

"ಅಸಲಿನೇ. ಆದ್ರೆ ಯಾರೋ ತೆರೆದು ಮತ್ತೆ ಮುಚ್ಚಿದ್ದಾರೆ. ಕಾರ್ಖಾನೆ ಯಂತ್ರದ ಬಿಸಿ ಮಡಿಕೆ ಮೇಲೆ ಸಣ್ಣ ಪಟ್ಟಿಯಾಗಿ ಬೀಳುತ್ತೆ. ಇಲ್ಲಿ ಹಿಂಭಾಗವೆಲ್ಲ ಕರಗಿದೆ. ಇಸ್ತ್ರಿ ಮಾಡಿದ್ದಾರೆ ಸರ್, ಮೇಲೆ ಬಟ್ಟೆ ಹಾಸಿ. ಮೇಣದ ಮೇಲೆ ನೇಯ್ಗೆಯ ಅಚ್ಚು ಇದೆ, ನೀವೇ ನೋಡಿ."

ರೇನೊ ಬಗ್ಗಿದ. ಹೊಸ ಕಣ್ಣು, ಎಲ್ಲ ಚೆನ್ನಾಗಿ ಕಾಣುತ್ತಿತ್ತು ಪಾಪ. ಅವನ ಹಿಂದೆ ನಾನೂ ಬಗ್ಗಿದೆ. ಭೂತಗನ್ನಡಿಯ ಕೆಳಗೆ ಪುಟ್ಟ ಪುಟ್ಟ ಉಬ್ಬು ಚೌಕಗಳು. ನಮ್ಮ ಅಡಿಗೆಮನೆಯ ಪಾತ್ರೆ ಒರೆಸುವ ಬಟ್ಟೆ! ಅಮ್ಮ ಮಗ್ಗದಲ್ಲಿ ತಾವೇ ನೇಯ್ದದ್ದು. ಇಷ್ಟು ವರ್ಷದ ಮೇಲೆ ಅಮ್ಮನ ಕೈಕೆಲಸ ಹೀಗೆ ಕ್ಲೀವ್‌ಲ್ಯಾಂಡಿನ ಮೇಳದಲ್ಲಿ, ಗುರುತಿಲ್ಲದವನ ದೀಪದ ಕೆಳಗೆ ಸಿಕ್ಕಿತು. ನನಗೆ ಅಳು ಬಂತು.

"ಮಾಡಿದವರ ಕೈ ಬಹಳ ನಯ" ಎಂದ ಬ್ರಿಗ್ಸ್. "ಮೋಸ ಮಾಡೋರು ಇಷ್ಟು ಅಕ್ಕರೆಯಿಂದ ಮಾಡಲ್ಲ."

ರೇನೊ ಮೆಲ್ಲಗೆ ನೆಟ್ಟಗಾದ. ಸಂಘದವರನ್ನೊಮ್ಮೆ ನೋಡಿದ. ಆಮೇಲೆ ತಿರುಗಿದ, ನನ್ನ ಕಡೆ. ನನ್ನ ಕಣ್ಣಲ್ಲಿ ನೀರಿತ್ತಲ್ಲ, ಅವನಿಗೆ ಅಷ್ಟೇ ಸಾಕಾಯಿತು.

"ಐಲಿ! ನೀನು! ನಿನ್ನದನ್ನ ತಿಂದು ಸಾಲದೇ ಹೋಯ್ತಾ ನಿನಗೆ?"

ಹನ್ನೆರಡು ಮಂದಿ ಗಂಡಸರು ನನ್ನತ್ತ ತಿರುಗಿದರು. ಯಾರೂ ಅನುಮಾನಪಡಲೇ ಇಲ್ಲ ನೋಡಿ! ಊರಿಗೆಲ್ಲ ಗೊತ್ತಿರುವ ಹರಿಯುವವಳು ಪಕ್ಕದಲ್ಲೇ ನಿಂತಿರುವಾಗ ಇನ್ಯಾರನ್ನು ಹುಡುಕಬೇಕು?

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಒಂದು ಮಾತು. ಅರವತ್ತು ವರ್ಷದ ಥ್ಯಾಂಕ್ಸ್‌ಗಿವಿಂಗುಗಳಿಗೆ, ಸೈಕಲ್ಲಿಗೆ, ಕೇಕಿಗೆ, ನನ್ನ ಮದುವೆಗೆ, ಎಲ್ಲಕ್ಕೂ ಅಲ್ಲೇ ಉತ್ತರ ಕೊಟ್ಟುಬಿಡಬಹುದಿತ್ತು. ಬೇಕಿದ್ದರೆ ಈಗಲೇ ತೆರೆಯಿರಿ, ಒಳಗೆ ಅರ್ಧ ಗಮ್ ಇದೆ, ಹಲ್ಲು ಬಿದ್ದ ಹುಡುಗ ಕಚ್ಚಿದ ಗುರುತು ಇದೆ, ಡಾಕ್ಟರ್ ಪ್ರುಯಿಟ್ ಹಲ್ಲಿನವರೇ ಅಲ್ಲವೇ, ನೋಡಿ ಹೇಳಲಿ! ಹೀಗೆ ಹೇಳಬೇಕೆಂದು ಬಾಯಿ ತೆರೆದೆ.

ರೇನೊನ ತುಟಿ ಅದುರುತ್ತಿತ್ತು. ಮೇಜಿನ ಕೆಳಗೆ ಕೂತವನ ತುಟಿಯೇ ಅದು, ಒಂದಿಷ್ಟೂ ಬದಲಾಗಿಲ್ಲ. ನಾನು ಆ ಮಾತು ಹೇಳಿದರೆ ಹೋಗುವುದು ಪೊಟ್ಟಣವಲ್ಲ. ಆ ಆಟ ಹೋಗುತ್ತದೆ, ಅಪ್ಪನ ಹೆಗಲು ಹೋಗುತ್ತದೆ. ಅಪ್ಪನಿಂದ ಅವನಿಗೆ ಸಿಕ್ಕಿದ್ದೇ ಅಷ್ಟು.

"ಹೂಂ ಕಣೋ, ನಾನೇ" ಎಂದೆ.

ಆಮೇಲೆ ನಡೆದದ್ದನ್ನು ಕೇಳಿದರೆ ನೀವು ನಗುತ್ತೀರಿ. ಪ್ರುಯಿಟ್ ಬಂದು ರೇನೊನ ಹೆಗಲ ಮೇಲೆ ಕೈಯಿಟ್ಟರು. "ಒಡಹುಟ್ಟಿದವಳೇ ಹೀಗೆ ಮಾಡಿದ್ಮೇಲೆ ಏನು ಹೇಳೋದು! ನೀವು ಇಷ್ಟು ವರ್ಷ ಕಾದಿದ್ದು ಸುಳ್ಳಲ್ಲವಲ್ಲ. ನಾನು ಹಿಂದೆ ಸರೀತೀನಿ" ಎಂದರು. ಅಲ್ಲೇ, ಪಾಪ್‌ಕಾರ್ನ್ ಅಂಗಡಿಯ ಮುಂದೆ, ಎಲ್ಲರೂ ಕೈಯೆತ್ತಿ ರೇನೊನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಅವನ ಅಧ್ಯಕ್ಷಗಿರಿಯ ಮೊದಲ ನಿಯಮ: ಸದಸ್ಯರು ತಮ್ಮ ಪೊಟ್ಟಣಗಳನ್ನು ಅಕ್ಕತಂಗಿಯರ ಕೈಗೆ ಎಟುಕದಂತೆ ಇಡತಕ್ಕದ್ದು. ನನ್ನ ಏಲಕ್ಕಿ ಬ್ರೆಡ್ಡನ್ನೂ ನಿಲ್ಲಿಸುತ್ತಾರೆಂದುಕೊಂಡಿದ್ದೆ. ಅದನ್ನು ಮಾತ್ರ ನಿಲ್ಲಿಸಲಿಲ್ಲ, ಕಳ್ಳರು.

ವಾಪಸ್ಸು ಬರುವಾಗ ಪೊಟ್ಟಣಕ್ಕೆ ಸೀಟ್‌ಬೆಲ್ಟ್ ಇರಲಿಲ್ಲ. ಅವನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅದನ್ನು ನನ್ನ ಮಡಿಲಿಗೆ ಎಸೆದ.

"ತಗೋ. ಪೂರ್ತಿ ಹರಿದು ತಿನ್ನು. ಅರವತ್ತು ವರ್ಷದಿಂದ ಕಾಯ್ತಿದ್ಯಲ್ಲ!"

ಬಾಗಿಲು ದಢಾರನೆ ಹಾಕಿ ಹೋದ.

ಮನೆಗೆ ಬಂದು ಹಿಟ್ಟು ನಾದಿದೆ. ನಾದಿದ್ದಲ್ಲ, ಬಡಿದೆ. ಅಮ್ಮನನ್ನು ಬೈದೆ, ಅಪ್ಪನನ್ನು ಬೈದೆ, ಬ್ರಿಗ್ಸನ ಭೂತಗನ್ನಡಿಗೆ ಬೆಂಕಿ ಬೀಳಲಿ ಎಂದೆ. ನನ್ನನ್ನೂ ಬೈದುಕೊಂಡೆ, ಮೂರ್ಖಿ, ಹೇಳಬಾರದಿತ್ತೇ ಎಂದು. ಪೊಟ್ಟಣ ಎದುರಿಗೇ ಸಕ್ಕರೆ ಡಬ್ಬಕ್ಕೆ ಒರಗಿ ಕೂತಿತ್ತು. ಕೈ ತೊಳೆದು ಅದನ್ನೆತ್ತಿಕೊಂಡು ಮಡಿಕೆಯ ಕೆಳಗೆ ಉಗುರು ತೂರಿಸಿದೆ. ಹಳೆಯ ಮೇಣ, ಒಂದು ಎಳೆತಕ್ಕೆ ಬಿಟ್ಟುಕೊಳ್ಳುತ್ತಿತ್ತು. ತೆರೆದರೆ ನನ್ನ ಸಾಕ್ಷಿ ನನ್ನ ಕೈಗೆ. ಈಗಿಂದೀಗಲೇ ಅವನ ಬಾಗಿಲಿಗೆ ಒಯ್ದು ತೋರಿಸಬಹುದು.

ಉಗುರನ್ನು ಹಾಗೇ ಹಿಂದಕ್ಕೆಳೆದುಕೊಂಡೆ. ಆ ಚೌಕಗಳು ಬೆರಳ ತುದಿಗೆ ಸಿಕ್ಕಿದ್ದವು. ಅಮ್ಮ ಅಷ್ಟು ನಯವಾಗಿ ಮುಚ್ಚಿದ್ದನ್ನು ಹರಿಯಲು ಹರಿಯುವವಳಿಗೂ ಮನಸ್ಸು ಬರಲಿಲ್ಲ.

ಒಂದು ತಿಂಗಳು ರೇನೊ ಫೋನು ಮಾಡಲಿಲ್ಲ. ಆಮೇಲೆ ಒಂದು ಭಾನುವಾರ ಚರ್ಚು ಮುಗಿದ ಮೇಲೆ ಮಾಡಿದ.

"ಏನಾಯ್ತು? ತೆರೆದ್ಯಾ?"

"ಇಲ್ಲ."

"ಸುಳ್ಳು ಹೇಳ್ಬೇಡ."

"ಬೇಕಾದ್ರೆ ಬಂದು ನೋಡ್ಕೊಂಡು ಹೋಗು. ಸಕ್ಕರೆ ಡಬ್ಬದ ಪಕ್ಕ ಇದೆ."

"ಅಂತೂ ಈ ವಯಸ್ಸಿಗಾದ್ರೂ ಕಾಯೋದು ಕಲಿತ್ಯಲ್ಲ!" ಎಂದು ಜೋರಾಗಿ ನಕ್ಕ. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಹಲ್ಲು ಕಡಿದೆ.

ಪ್ರತಿ ಭಾನುವಾರವೂ ಇದೇ ಆಯಿತು. ತೆರೆದ್ಯಾ, ಇಲ್ಲ. ತೆರೆದ್ಯಾ, ಇಲ್ಲ. ಬರಬರುತ್ತಾ ನಗು ನಿಂತಿತು. 'ಇಲ್ಲ' ಎಂದಾಗ ಆ ಕಡೆ ಉಸಿರು ಬಿಡುವುದು ಮಾತ್ರ ಕೇಳುತ್ತಿತ್ತು. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹೋದಾಗ ಟರ್ಕಿಯನ್ನು ಸುಮ್ಮನೆ ಕೊಯ್ದ. ಮಗಳು "ಅಪ್ಪಾ, ಸೈಕಲ್ ಕಥೆ?" ಎಂದಳು. "ತಿನ್ನೇ, ಆರಿಹೋಗುತ್ತೆ" ಎಂದು ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿದ. ನನ್ನ ಮುಖ ನೋಡಲಿಲ್ಲ.

ಅದರ ಮುಂದಿನ ಭಾನುವಾರ ಮತ್ತೆ ಫೋನು.

"ತೆರೆದ್ಯಾ?"

"ಇಲ್ಲ ಕಣೋ ಮಾರಾಯ."

ಈ ಸಲ ಅವನು ಫೋನು ಇಡಲಿಲ್ಲ.

"ಐಲಿ, ನಮ್ಮನೇಲಿ ಪಾತ್ರೆ ಒರೆಸೋ ಬಟ್ಟೆ ಇತ್ತಲ್ಲ. ಚೌಕ ಚೌಕದ್ದು."

"ಹೂಂ. ಇತ್ತು."

ಮೂಗು ಎಳೆದುಕೊಂಡ ಸದ್ದು ಬಂತು.

"ಆ ಗಮ್ ಸಿಹಿನೇ ಇರ್ಲಿಲ್ಲ ಕಣೇ" ಎಂದ. "ಉಪ್ಪುಪ್ಪಾಗಿತ್ತು."

ನಾನು ಸಕ್ಕರೆ ಡಬ್ಬದ ಕಡೆ ನೋಡಿದೆ. ಏನೇನೋ ಹೇಳಬಹುದಿತ್ತು.

"ನನ್ನದು ತುಂಬ ಸಿಹಿಯಾಗಿತ್ತು ಕಣೋ" ಎಂದೆ.